ಹಳೇಕೋಟೆಯಲ್ಲೊಂದು ಗಾಜಿನ ಕೆರೆ

ಹೊಳೆಯೂ ನರಸಿಂಹನೂ ಹೆಸರಿನಲ್ಲೇ ಇರುವ ಊರು ಹೊಳೆನರಸೀಪುರ. ಸಂಕ್ರಾಂತಿ ಕಳೆದ ಭಾನುವಾರ ಅಲ್ಲಿಂದ ಹಳೇಕೋಟೆಯ ಬಸ್ಸು ಹತ್ತಿದೆ. ಕೈಯಲ್ಲಿದ್ದ ಪ್ಲಾಸ್ಟಿಕ್ ಪೈಪಿನ ಸುರುಳಿ ನೋಡಿ ಕಂಡಕ್ಟರು, "ಏನ್ ಮೇಷ್ಟ್ರೇ, ಗಾರೆ ಕೆಲಸಕ್ಕೆ ಹೊರಟ್ರಾ?" ಎಂದು ನಕ್ಕರು. ಹೂಂ ಎಂದೆ. ಅಷ್ಟು ಸುಳ್ಳೇನೂ ಆಗಿರಲಿಲ್ಲ.

ಹಳೇಕೋಟೆ ಎಂದರೆ ಹೆಸರಿನಲ್ಲೇ ಕೋಟೆಯುಳ್ಳ ಹೋಬಳಿ ಊರು. ಈ ಹೋಬಳಿಯ ಮಾವಿನಕೆರೆ ಬೆಟ್ಟದ ರಂಗನಾಥಸ್ವಾಮಿಗೆ ಸುತ್ತಣ ಊರುಗಳಿಂದ ಭಕ್ತರು ಬರುತ್ತಾರೆ. ದಾರಿಯುದ್ದಕ್ಕೂ ತೆಂಗಿನ ತೋಟ, ರಾಗಿ ಕೊಯ್ದ ಹೊಲ, ಮನೆಗಳ ಪಕ್ಕದಲ್ಲಿ ಹೊಸ ಹುಲ್ಲಿನ ಮೆದೆ. ಆದರೆ ನಾನು ಅಂದು ಹೊರಟದ್ದು ಕೋಟೆ ನೋಡಲೂ ಅಲ್ಲ, ಬೆಟ್ಟ ಹತ್ತಲೂ ಅಲ್ಲ. ಕಾಲು ಕಳಚಿದ ಒಂದು ಮೇಜನ್ನು ನೋಡಲು.

ಕಥೆ ಹೀಗಿದೆ. ಒಂಬತ್ತನೇ ತರಗತಿಯಲ್ಲಿ ಜಲಚರಗಳ ಪಾಠ ಮಾಡುತ್ತಾ, "ಮನೆಯಲ್ಲೊಂದು ಮೀನಿನ ತೊಟ್ಟಿ ಇಡಿ, ನೂರು ಪುಟ ಓದಿದ್ದಕ್ಕಿಂತ ಹೆಚ್ಚು ಕಲಿಯುತ್ತೀರಿ" ಎಂದಿದ್ದೆ. "ಯಾವುದರ ಮೇಲೆ ಇಡೋದು ಸಾರ್?" ಎಂದು ಹಳೇಕೋಟೆಯ ಹುಡುಗನೊಬ್ಬ ಕೇಳಿದ. "ಯಾವುದಾದರೂ ಮೇಜಿನ ಮೇಲೆ ಇಡಪ್ಪ" ಎಂದುಬಿಟ್ಟೆ. ಹುಡುಗ ದೀಪಾವಳಿಯ ದುಡ್ಡು ಕೂಡಿಟ್ಟು ಮೂರಡಿ ಉದ್ದದ ಗಾಜಿನ ತೊಟ್ಟಿ ತಂದ. ತಾತನ ಕಾಲದ ಬರೆಯುವ ಮೇಜಿನ ಮೇಲೆ ಇಟ್ಟು ನೀರು ತುಂಬಿದ. ಒಂಬತ್ತು ದಿನ ನಿಂತಿತು. ಹತ್ತನೆಯ ರಾತ್ರಿ ಮೇಜು ಓರೆಯಾಗಿ, ತೊಟ್ಟಿ ನೆಲಕ್ಕೆ ಬಿತ್ತು. ಕತ್ತಲಲ್ಲಿ ಎದ್ದು ಬಂದ ತಾಯಿಯ ಪಾದಕ್ಕೆ ಗಾಜು ಹೊಕ್ಕು ಐದು ಹೊಲಿಗೆ ಬಿದ್ದವು.

ಹುಡುಗ ಶಾಲೆಗೆ ಬರುತ್ತಿದ್ದ. ಆದರೆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದ. ಕಾರಣ ತಿಳಿದದ್ದು ಪೋಷಕರ ಸಭೆಯಲ್ಲಿ. ತಂದೆ ಸಿಟ್ಟೇನೂ ಮಾಡಲಿಲ್ಲ. "ಮೇಷ್ಟ್ರೇ, ನೀರ್ ಎಷ್ಟು ತೂಕ ಇರ್ತದೆ ಅಂತ ಪಾಠದಲ್ಲಿ ಬರಾಕಿಲ್ವಾ?" ಎಂದಷ್ಟೇ ಕೇಳಿದರು. ಇಪ್ಪತ್ತೇಳು ವರ್ಷ ಪಾಠ ಮಾಡಿದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೆ? ಒಂದು ಭಾನುವಾರ ಬರುತ್ತೇನೆ ಎಂದು ಮಾತು ಕೊಟ್ಟೆ.

ಮನೆ ತಲುಪಿದಾಗ ತಾಯಿ ಕುಂಟುತ್ತಲೇ ಕಾಫಿ ತಂದರು. ಲೋಟ ಹಿಡಿದು ತಲೆ ತಗ್ಗಿಸಿದೆ. "ಬಿಡಿ ಮೇಷ್ಟ್ರೇ, ವಾಸಿಯಾಯ್ತು. ಮಗ ಮಾತಾಡೋ ಹಂಗೆ ಮಾಡಿ ಸಾಕು" ಎಂದರು.

ಅಂಗಳದಲ್ಲಿ ಊರಿನ ಆಚಾರ್ರು ಬಾಚಿ, ಉಳಿ, ಗರಗಸ ಹರಡಿಕೊಂಡು ಕೂತಿದ್ದರು. ಎಪ್ಪತ್ತು ದಾಟಿದ ಹಿರಿಯರು. ಬಿಚ್ಚಿಹಾಕಿದ ಹಳೇ ಕೊಟ್ಟಿಗೆಯ ಹೊನ್ನೆ ಮರದ ತೊಲೆಗಳು ಪಕ್ಕದಲ್ಲಿದ್ದವು. "ಹೊಸ ಮರ ಬ್ಯಾಡಿ. ಹಸಿ ಆರಿದ ಮೇಲೆ ತಿರುಚ್ಕತದೆ. ಇದು ಅರವತ್ತು ವರ್ಷ ಒಣಗದೆ, ಇನ್ನೆಲ್ಲಿಗೆ ತಿರುಗೀತು?" ಎಂದರು. ವಿಜ್ಞಾನವೂ ಅದನ್ನೇ ಹೇಳುತ್ತದೆ. ಹಸಿ ಮರ ತೇವ ಕಳೆದುಕೊಳ್ಳುವಾಗ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ಅದಕ್ಕೇ ಸೊಟ್ಟಗಾಗುತ್ತದೆ, ಸೀಳುತ್ತದೆ.

ಮೊದಲು ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟೆ. ಕೆಂಪು ನೆಲವೇ ಕರಿಹಲಗೆಯಾಯಿತು. ಹೊಸ ತೊಟ್ಟಿಯ ಉದ್ದ 3 ಅಡಿ, ಅಗಲ 1 ಅಡಿ, ಎತ್ತರ ಒಂದೂವರೆ ಅಡಿ. ಗುಣಿಸಿದರೆ ನಾಲ್ಕೂವರೆ ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರ್, ಒಟ್ಟು 127 ಲೀಟರ್. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಆರು ಮಿಲಿಮೀಟರ್ ಗಾಜಿನದು ಇಪ್ಪತ್ತು ಕಿಲೋ ದಾಟುತ್ತದೆ. ಮರಳು, ಕಲ್ಲು ಹದಿನೈದು ಕಿಲೋ ಎನ್ನಿ. ಎಲ್ಲ ಸೇರಿ 160 ಕಿಲೋಗೂ ಮೇಲೆ.

"ಅಂದ್ರೆ ಎಂಬತ್ತು ಕಿಲೋದ ಎರಡು ಮೂಟೆ ರಾಗಿ!" ಎಂದ ಹುಡುಗ. ಎಷ್ಟೋ ದಿನದ ಮೇಲೆ ಕೇಳಿದ ದನಿ ಅದು. ತಂದೆ ಜಗಲಿಯಿಂದಲೇ, "ಎರಡು ಮೂಟೆ ರಾಗೀನ ಆ ಮೇಜಿನ ಮ್ಯಾಲೆ ಹಗಲೂ ರಾತ್ರಿ ಇಡು ಅಂದಿದ್ರೆ ನಾನೇ ಒಪ್ತಿರಲಿಲ್ಲ" ಎಂದರು.

ಆದರೂ ಒಂದು ಮಾತು ಉಳಿಯಿತು. ನಾಲ್ಕು ಕಾಲಿಗೆ ಹಂಚಿದರೆ ತಲಾ ನಲವತ್ತು ಕಿಲೋ ಚಿಲ್ಲರೆ. ಅಷ್ಟಕ್ಕೆ ಒಳ್ಳೆಯ ಮರದ ಕಾಲು ಮುರಿಯುವುದಿಲ್ಲ. ಹಳೇ ಮೇಜನ್ನು ತಿರುವಿ ನೋಡಿದೆವು. ಕಾಲು ಯಾವುದೂ ಮುರಿದಿರಲಿಲ್ಲ. ಕಾಲು ಪಟ್ಟಿಗೆ ಸೇರುವ ಜಾಗದಲ್ಲಿ ಮೊಳೆ ಸಡಿಲವಾಗಿ ಕಳಚಿಕೊಂಡಿತ್ತು. ಮೇಜು ಭಾರಕ್ಕೆ ಕುಸಿದದ್ದಲ್ಲ, ಪಕ್ಕಕ್ಕೆ ವಾಲಿದ್ದು.

ಇದನ್ನು ನೀವೂ ಮನೆಯಲ್ಲಿ ನೋಡಬಹುದು. ನಾಲ್ಕು ರಟ್ಟಿನ ಪಟ್ಟಿಗಳನ್ನು ಗುಂಡುಸೂಜಿಯಿಂದ ಚೌಕವಾಗಿ ಜೋಡಿಸಿ ಒಂದು ಮೂಲೆ ಒತ್ತಿ. ಚೌಕ ಓರೆಯಾಗುತ್ತದೆ. ಮೂರು ಪಟ್ಟಿಗಳ ತ್ರಿಕೋನ ಮಾಡಿ ಒತ್ತಿ, ಅಲುಗುವುದಿಲ್ಲ. ಮೂರು ಭುಜಗಳ ಅಳತೆ ಗೊತ್ತಾದರೆ ತ್ರಿಕೋನದ ಆಕಾರ ಒಂದೇ ಎಂದು ರೇಖಾಗಣಿತದಲ್ಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹಾಗಾಗಿ ಸ್ಟ್ಯಾಂಡಿನ ಹಿಂಬದಿಗೆ ಒಂದು, ಎರಡು ಪಕ್ಕಕ್ಕೆ ಒಂದೊಂದು ಓರೆ ಪಟ್ಟಿ ಎಂದು ತೀರ್ಮಾನವಾಯಿತು.

ಆಚಾರ್ರು ಮೂರಿಂಚು ಚೌಕದ ನಾಲ್ಕು ಕಾಲು ಕೊಯ್ದರು. ಮೇಲಿನ ಪಟ್ಟಿಗಳನ್ನು ಕಾಲಿನ ಪಕ್ಕಕ್ಕೆ ಹೊಡೆಯಲಿಲ್ಲ; ಕಾಲಿನ ತಲೆಯ ಮೇಲೆಯೇ ಕೂರಿಸಿದರು. "ಭಾರ ಮರದ ಮ್ಯಾಲೆ ಮರ ಹೊರ್ಬೇಕು, ಮೊಳೆ ಹೊರಬಾರದು" ಎಂದರು. ನನ್ನ ವಿಜ್ಞಾನ ನೋಟ್ಸಿನಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯ ಒಂದೂ ಇಲ್ಲ. ಪಟ್ಟಿಯ ತುದಿಗಳನ್ನು ಒಂದರೊಳಗೊಂದು ಕಚ್ಚುವಂತೆ ಉಳಿಯಿಂದ ಕೆತ್ತಿ, ಫೆವಿಕಾಲ್ ಸವರಿ, ಸ್ಕ್ರೂ ಬಿಗಿದರು. ಕೆಳಗೆ ಕಾಲುಗಳನ್ನು ಸುತ್ತ ಹಿಡಿಯುವ ಪಟ್ಟಿ, ನಡುವೆ ಒಂದು ಅಡ್ಡಪಟ್ಟಿ, ಮೇಲೆ ದಪ್ಪ ಪ್ಲೈವುಡ್ ಹಲಗೆ.

ಹುಡುಗನಿಗೆ ಸ್ಟ್ಯಾಂಡು ಮೂರಡಿ ಎತ್ತರ ಇರಬೇಕೆಂದು ಆಸೆ. ಒಂದೇ ಅಡಿ ಅಗಲದ ತೊಟ್ಟಿ ಎತ್ತರಕ್ಕೆ ಹೋದಷ್ಟೂ ಅದರ ಗುರುತ್ವಕೇಂದ್ರವೂ ಮೇಲೇರಿ, ಮುಂದಕ್ಕೆ ಮಗುಚುವ ಭಯ ಹೆಚ್ಚು. ಎರಡಡಿಗೆ ಇಳಿಸಿದೆವು. ಮೇಲಿನ ಪಟ್ಟಿಯನ್ನು ಎರಡು ಕಬ್ಬಿಣದ ಪಟ್ಟಿಯಿಂದ ಗೋಡೆಗೂ ಬಿಗಿದೆವು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಲೇಬಾರದು.

ಇನ್ನು ನನ್ನ ಪೈಪಿನ ಸರದಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ನೋಡಿದರೆ ಒಂದು ಮೂಲೆ ಕಾಲಿಂಚು ತಗ್ಗು! ಹಳೇ ಮನೆಯ ನೆಲ. ಹಾಗೇ ಬಿಟ್ಟಿದ್ದರೆ ಗಾಜಿನ ತಳ ತಿರುಚಿಕೊಂಡು ಅಂಟು ಬಿಡುತ್ತಿತ್ತು. ಕಾಲಿನ ಕೆಳಗೆ ಕಡಪ ಕಲ್ಲಿನ ಬಿಲ್ಲೆ ಕೊಟ್ಟು ಸರಿ ಮಾಡಿದೆವು. ಕಲ್ಲಿನಿಂದ ನೆಲದ ತೇವವೂ ಮರಕ್ಕೆ ಏರುವುದಿಲ್ಲ. ಮರಕ್ಕೆ ವಾರ್ನಿಷ್ ಬಳಿದು, ವಾಸನೆ ಪೂರ್ತಿ ಹೋಗುವವರೆಗೆ ಕೆಲವು ದಿನ ಬಿಡಬೇಕು. ಹಲಗೆಗೂ ಗಾಜಿಗೂ ನಡುವೆ ಥರ್ಮೋಕೋಲ್ ಹಾಳೆ ಹಾಸಿದರೆ, ಮರಳಿನ ಸಣ್ಣ ಕಾಳೊಂದು ಗಾಜನ್ನು ಚುಚ್ಚಿ ಬಿರುಕು ಬಿಡಿಸುವುದೂ ತಪ್ಪುತ್ತದೆ.

ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು. ಉಣ್ಣುವಾಗ ಹುಡುಗ ಕೇಳಿದ: "ಸಾರ್, ಗೊರೂರು ಡ್ಯಾಮಲ್ಲಿ ಅಷ್ಟೊಂದು ನೀರಿದೆ. ಗೋಡೆ ಹೆಂಗೆ ತಡೀತದೆ?" ಹೇಮಾವತಿಗೆ 1979ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು ಇಲ್ಲಿನವರಿಗೆ ಮನೆಮಾತು. ನೀರಿನ ಒತ್ತಡ ಅದು ಎಷ್ಟು ದೂರ ಹರಡಿದೆ ಎಂಬುದರ ಮೇಲಲ್ಲ, ಎಷ್ಟು ಆಳವಿದೆ ಎಂಬುದರ ಮೇಲೆ ನಿಂತಿದೆ ಎಂದೆ. ಮೇಲ್ಮೈಯಿಂದ 45 ಸೆಂಟಿಮೀಟರ್ ಕೆಳಗೆ, ಜಲಾಶಯದಲ್ಲೂ ಅಷ್ಟೇ, ನಿನ್ನ ತೊಟ್ಟಿಯಲ್ಲೂ ಅಷ್ಟೇ: ಒಂದು ಚದರ ಸೆಂಟಿಮೀಟರಿಗೆ 45 ಗ್ರಾಂ. ಆಳ ಹೆಚ್ಚಿದಷ್ಟೂ ಒತ್ತಡ ಹೆಚ್ಚು. ಅದಕ್ಕೇ ಅಣೆಕಟ್ಟು ತಳದಲ್ಲಿ ದಪ್ಪ. ಹುಡುಗ ತುತ್ತು ಕೈಯಲ್ಲೇ ಹಿಡಿದು ಯೋಚಿಸುತ್ತಿದ್ದ. ತಾಯಿ ನನ್ನ ಕಡೆ ನೋಡಿ ನಕ್ಕರು.

ಸಂಜೆ ಪರೀಕ್ಷೆ. ಗಾಜು ಇಡುವ ಮೊದಲು ಹಲಗೆಯ ಮೇಲೆ ತಂದೆ, ಮಗ, ನಾನು ಮೂವರೂ ಒತ್ತಾಗಿ ಕೂತೆವು. ಸುಮಾರು 180 ಕಿಲೋ. ಆಚಾರ್ರು ಪಕ್ಕದಿಂದ ತಳ್ಳಿ ನೋಡಿದರು, ಕಿರ್ ಎನ್ನಲಿಲ್ಲ. "ಮೀನಿಗೇನು, ಮೇಷ್ಟ್ರಿಗೂ ಸಾಕು" ಎಂದರು.

ಹೊರಡುವಾಗ ಹುಡುಗನಿಗೆ ಎರಡು ಮಾತು ಹೇಳಿದೆ. ಒಂದು, ಪಂಪಿನ ವೈರು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಬಿದ್ದು ಮೇಲೇರಬೇಕು. ಆಗ ವೈರಿನ ಮೇಲೆ ಇಳಿದ ನೀರು ಪ್ಲಗ್ಗಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಎರಡು, ಅಂಗಡಿಯ ಮೀನು ಸಾಕಾಯಿತೆಂದು ಊರ ಕೆರೆಗೆ ಬಿಡಬೇಡ. ಪರದೇಶದ ಮೀನು ಕೆರೆಯಲ್ಲಿ ಬೆಳೆದು ನಮ್ಮ ಮೀನುಗಳ ಅನ್ನ ಕಸಿಯುತ್ತದೆ. ಹೊಳೆಯ ಮೀನನ್ನು ಹೊಳೆಯಲ್ಲೇ ನೋಡಬೇಕೆಂದರೆ ಅರಕಲಗೂಡು ತಾಲೂಕಿನ ರಾಮನಾಥಪುರ ದೂರವೇನಲ್ಲ. ಅಲ್ಲಿ ಕಾವೇರಿಯ ಮೀನುಗಳನ್ನು ಜನ ದೇವರ ಮೀನೆಂದು ಕಾಪಾಡಿಕೊಂಡು ಬಂದಿದ್ದಾರೆ.

ಹದಿನೈದು ದಿನದ ಮೇಲೆ ತರಗತಿಯಲ್ಲಿ ಸಾಂದ್ರತೆಯ ಪಾಠ. ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. "ಸಾರ್, ನೀರಿನ ಬದಲು ಎಣ್ಣೆ ತುಂಬಿದ್ರೆ ಸ್ಟ್ಯಾಂಡಿಗೆ ಭಾರ ಕಮ್ಮಿ ಆಗ್ತದಾ?"

ಕಮ್ಮಿಯಾಗುತ್ತದಪ್ಪ, ಮೀನು ಮಾತ್ರ ಬದುಕುವುದಿಲ್ಲ ಎಂದೆ. ತರಗತಿಯೆಲ್ಲ ನಕ್ಕಿತು. ಅವನೂ ನಕ್ಕ.

ಆಮೇಲಿನಿಂದ ಮಕ್ಕಳಿಗೆ ಏನಾದರೂ ಮಾಡಿ ಎಂದು ಹೇಳುವ ಮೊದಲು, ಅದನ್ನು ಯಾವುದರ ಮೇಲೆ ನಿಲ್ಲಿಸಬೇಕು ಎಂಬುದನ್ನೂ ಹೇಳುತ್ತಿದ್ದೇನೆ.