ಪೆಟ್ಟು ತಿನ್ನುವ ವಿದ್ಯೆ

ನಮ್ಮ ತಾಯಿಯವರಿಗೆ ಈ ಭೂಮಿಯ ಮೇಲಿನ ಯಾವ ವಾಹನದಲ್ಲಿಯೂ ನಂಬಿಕೆಯಿಲ್ಲ. ಮಲೆನಾಡಿನ ನಮ್ಮ ಊರಿನಿಂದ ವರ್ಷಕ್ಕೊಮ್ಮೆ ಅವರು ಬೆಂಗಳೂರಿನ ಬಸ್ಸಿಗೆ ಹಾಕಿ ಕಳಿಸುವ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಕಂಡವರಿಗೆ ಈ ಮಾತು ಮನವರಿಕೆಯಾದೀತು. ಭರಣಿಯ ಮೈಗೆ ಹಳೆಯ ಸೀರೆಯ ನಾಲ್ಕು ಸುತ್ತು. ಅದರ ಕೆಳಗೊಂದು, ಮೇಲೊಂದು ಬತ್ತದ ಹುಲ್ಲಿನ ಸಿಂಬಿ. ಆಮೇಲೆ ಮರದ ಪೆಟ್ಟಿಗೆ. ಸಂದುಗೊಂದುಗಳಲ್ಲೆಲ್ಲ ಮತ್ತೆ ಹುಲ್ಲು. ಬಸ್ಸಿನವರು ಆ ಪೆಟ್ಟಿಗೆಯನ್ನು ಎಷ್ಟು ಉದಾಸೀನದಿಂದ ನೆಲಕ್ಕೆ ಕುಕ್ಕಿದರೂ ಇಷ್ಟು ವರ್ಷಗಳಲ್ಲಿ ಒಂದು ಭರಣಿಯಾದರೂ ಒಡೆದದ್ದಿಲ್ಲ. ನಾನು ಭರಣಿಯನ್ನು ಅಡುಗೆಮನೆಗೂ ಹುಲ್ಲನ್ನು ಕಸದ ಬುಟ್ಟಿಗೂ ಸೇರಿಸಿ ಕಾಲೇಜಿಗೆ ಹೊರಡುತ್ತಿದ್ದೆ. ಆ ಹುಲ್ಲಿನ ವಿಷಯವಾಗಿ ಯೋಚಿಸುವ ಪ್ರಸಂಗ ನನಗೆ ಒದಗಿದ್ದು ಎರಡು ವರ್ಷಗಳ ಹಿಂದೆ, ಒಂದು ಆಸ್ಪತ್ರೆಯಲ್ಲಿ.

ತಾಯಿಯವರಿಗೆ ಕ್ಯಾನ್ಸರ್ ಎಂದು ವೈದ್ಯರು ಹೇಳಿದ್ದರು. ವಿಕಿರಣ ಚಿಕಿತ್ಸೆಗೆಂದು ವಾರಕ್ಕೆ ಐದು ದಿನ ಅವರನ್ನು ಕರೆದೊಯ್ಯಬೇಕಾಗಿತ್ತು. ಅಲ್ಲಿನ ಯಂತ್ರದ ಒಳಗೆ ಹೆಬ್ಬೆರಳ ಗಾತ್ರದ ಒಂದು ಕೋಶ. ಅದರೊಳಗೆ ಕೋಬಾಲ್ಟ್-60 ಎಂಬ ಧಾತು. ಸೂಸುವ ಕಿರಣವೇ ಅದರ ಔಷಧ. ಆದರೆ ಈ ಔಷಧಕ್ಕೂ ಮುಪ್ಪುಂಟು. ಸುಮಾರು ಐದೂಕಾಲು ವರ್ಷಕ್ಕೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆಲ್ಲ ರೋಗಿ ಯಂತ್ರದ ಕೆಳಗೆ ಹೆಚ್ಚು ಹೊತ್ತು ಅಲುಗದೆ ಮಲಗಬೇಕಾಗುತ್ತದೆ. ಬೆನ್ನುನೋವಿನ ನಮ್ಮ ತಾಯಿಗೆ ಅದೇ ದೊಡ್ಡ ಶಿಕ್ಷೆ. “ಇನ್ನು ಸ್ವಲ್ಪ ದಿನ, ಅಮ್ಮಾ. ಹೊಸ ಕೋಬಾಲ್ಟ್ ಬರಲಿದೆ. ಲಾರಿಯಲ್ಲಿ ಬರುತ್ತದೆ” ಎಂದು ಅಲ್ಲಿನ ಸಿಬ್ಬಂದಿಯೊಬ್ಬರು ಸಮಾಧಾನ ಹೇಳಿದರು.

ಲಾರಿಯಲ್ಲಿ! ನನ್ನ ಎದೆ ಧಸಕ್ಕೆಂದಿತು. ಈ ಧಾತು ತಯಾರಾಗುವುದು ರಾಜಸ್ಥಾನದ ರಾವತಭಾಟದಂಥ ಅಣುಸ್ಥಾವರಗಳಲ್ಲಿ ಎಂದು ಎಲ್ಲೋ ಓದಿದ್ದೆ. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಊರು, ಎಷ್ಟು ತಿರುವು, ಎಷ್ಟು ಮಂದಿ ನಿದ್ದೆಗಣ್ಣಿನ ಚಾಲಕರು! ಮನೆಗೆ ಬಂದವನೇ ಇದು ಅನಾಹುತದ ಕೆಲಸವೆಂದು ಗಟ್ಟಿಯಾಗಿ ಭಾಷಣ ಮಾಡಿದೆ. ತಾಯಿಯವರು ಕೊನೆಯವರೆಗೂ ಕೇಳಿ, “ಹಾಗೆ ಕೂಗಾಡಬೇಡವೋ. ಹೇಗೆ ಕಟ್ಟಿ ಕಳಿಸುತ್ತಾರೆ, ಮೊದಲು ಅದನ್ನು ಕೇಳು” ಎಂದರು.

ಕೇಳುವುದಕ್ಕೆ ಮನೆಯಲ್ಲಿಯೇ ಒಬ್ಬ ಸಿಕ್ಕಿದ. ನನ್ನ ಭಾವಮೈದುನ ಇಂಜಿನಿಯರು. ಕಂಪ್ಯೂಟರಿನ ತೆರೆಯ ಮೇಲೆ ಮೋಟಾರುಗಾಡಿಗಳನ್ನು ಗೋಡೆಗೆ ಡಿಕ್ಕಿ ಹೊಡೆಸಿ ನೋಡುವುದೇ ಅವನ ಸಂಬಳದ ಕೆಲಸ. “ಭಾವ, ಇದಕ್ಕೆಲ್ಲ ನಿಯಮಗಳಿವೆ” ಎಂದು ಅವನು ಆರಂಭಿಸಿದ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 1961ರಲ್ಲಿ ಸಾಗಣೆಯ ನಿಯಮಗಳನ್ನು ಮೊದಲು ಪ್ರಕಟಿಸಿತು. ಅನಂತರ ಹಲವು ಸಲ ಅವು ಪರಿಷ್ಕಾರಗೊಂಡಿವೆ. ಹೆಚ್ಚು ಶಕ್ತಿಯ ವಿಕಿರಣ ವಸ್ತುವನ್ನು ಹೊರುವ ಪೆಟ್ಟಿಗೆಯ ಮಾದರಿಯನ್ನು 9 ಮೀಟರ್ ಎತ್ತರದಿಂದ, ಒಂದಿಷ್ಟೂ ಬಾಗದ ನೆಲದ ಮೇಲೆ, ಅತಿ ಹೆಚ್ಚು ಹಾನಿಯಾಗುವ ಭಂಗಿಯಲ್ಲಿಯೇ ಬೀಳಿಸಬೇಕು. ಅಲ್ಲದೆ ಒಂದು ಮೀಟರ್ ಎತ್ತರದಿಂದ, ನೆಟ್ಟಗೆ ನಿಲ್ಲಿಸಿದ 15 ಸೆಂಟಿಮೀಟರ್ ದಪ್ಪದ ಉಕ್ಕಿನ ಸರಳಿನ ಮೇಲೆಯೂ ಬೀಳಿಸಬೇಕು. ಹೀಗೆ ಏಟು ತಿಂದ ಪೆಟ್ಟಿಗೆಯನ್ನೇ ಮತ್ತೆ 800 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ 30 ನಿಮಿಷ ಸುಡಬೇಕು. ನೀರಿನಲ್ಲಿ ಮುಳುಗಿಸುವ ಪರೀಕ್ಷೆ ಬೇರೆಯೇ ಉಂಟು.

“ಒಂಬತ್ತು ಮೀಟರ್ ಎಂದರೆ ಮೂರು ಅಂತಸ್ತು. ನೆಲ ಮುಟ್ಟುವಾಗ ವೇಗ ಗಂಟೆಗೆ ಎಷ್ಟಿರುತ್ತದೆ?” ಎಂದೆ.

“ಸುಮಾರು 48 ಕಿಲೋಮೀಟರ್.”

“ನಮ್ಮ ಲಾರಿಗಳು ಎಂಬತ್ತರಲ್ಲಿ ಓಡುತ್ತವಲ್ಲ, ಮಹರಾಯ!”

ಅವನು ನಕ್ಕ. ಲೋಕದಲ್ಲಿ ಒಂದಿಷ್ಟೂ ಬಾಗದ ವಸ್ತು ಸಿಗುವುದು ದುರ್ಲಭವಂತೆ. ಮಣ್ಣು ತಗ್ಗುತ್ತದೆ, ಗೋಡೆ ಬಿರಿಯುತ್ತದೆ, ಎದುರಿನ ವಾಹನ ಮುದುಡುತ್ತದೆ. ಏಟಿನಲ್ಲಿ ಅವೂ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಪರೀಕ್ಷೆಯ ನೆಲವಾದರೋ ದಪ್ಪನಾದ ಕಾಂಕ್ರೀಟಿನ ದಿಮ್ಮಿ, ಅದರ ಮೇಲೆ ಉಕ್ಕಿನ ಹಲಗೆ. ಅದು ಯಾವ ಪಾಲನ್ನೂ ತೆಗೆದುಕೊಳ್ಳುವುದಿಲ್ಲ. ಏಟೆಲ್ಲ ಪೆಟ್ಟಿಗೆಗೇ ಮೀಸಲು.

ಹಾಗಾದರೆ ಪೆಟ್ಟಿಗೆ ಉಳಿಯುವುದು ಹೇಗೆ? ಅತ್ಯಂತ ಗಟ್ಟಿಯಾದ ಉಕ್ಕಿನಿಂದ ಎಂದು ನಾನು ಊಹಿಸಿದ್ದೆ. ಅರ್ಧ ಮಾತ್ರ ಸರಿ. ಒಳಗಿನ ಪಾತ್ರೆ ಗಟ್ಟಿಯೇ. ಉಕ್ಕು, ಸೀಸಗಳ ದಪ್ಪ ಗೋಡೆ ಅದಕ್ಕುಂಟು. ಆದರೆ ಬರಿಯ ಗಟ್ಟಿತನ ಏಟನ್ನು ಹಾಗೆಯೇ ಒಳಕ್ಕೆ ದಾಟಿಸುತ್ತದೆ. 9 ಮೀಟರ್ ಬಿದ್ದ ವಸ್ತು 3 ಸೆಂಟಿಮೀಟರಿನಲ್ಲಿ ನಿಂತರೆ, ಅದು ಸರಾಸರಿಯಲ್ಲಿ ತನ್ನ ತೂಕದ ಮುನ್ನೂರು ಪಟ್ಟು ಬಲವನ್ನು ತಾಳಬೇಕು. 30 ಸೆಂಟಿಮೀಟರಿನಲ್ಲಿ ನಿಂತರೆ ಮೂವತ್ತು ಪಟ್ಟು ಸಾಕು. ಆ ಮೂವತ್ತು ಸೆಂಟಿಮೀಟರನ್ನು ಒದಗಿಸುವುದಕ್ಕಾಗಿ ದೊಡ್ಡ ಪೆಟ್ಟಿಗೆಗಳ ಎರಡು ತುದಿಗಳಿಗೂ ಟೋಪಿಯಂಥ ಕವಚಗಳನ್ನು ತೊಡಿಸುತ್ತಾರೆ. ಆ ಕವಚದೊಳಗೆ ಏನಿರುತ್ತದೆ ಎಂದುಕೊಂಡಿರಿ? ಮರ! ತೆಳುವಾದ ಉಕ್ಕಿನ ಹೊದಿಕೆಯೊಳಗೆ ತುಂಬಿದ ಬಾಲ್ಸಾ, ಸ್ಪ್ರೂಸ್, ರೆಡ್‌ವುಡ್‌ನಂಥ ಹಗುರವಾದ ಮರ. ಕೆಲವು ಕಡೆ ನೊರೆಯಂತೆ ಉಬ್ಬಿಸಿದ ಪ್ಲಾಸ್ಟಿಕ್, ಕೆಲವು ಕಡೆ ಜೇನುಹುಟ್ಟಿನಂತೆ ಕೋಣೆಕೋಣೆಯಾದ ಅಲ್ಯುಮಿನಿಯಂ. ಮರವೆಂದರೆ ಸಣ್ಣ ಸಣ್ಣ ಕೊಳವೆಗಳ ಕಂತೆ. ಏಟು ಬಿದ್ದಾಗ ಕೊಳವೆಗಳು ಒಂದರ ಹಿಂದೊಂದು ಕುಸಿಯುತ್ತ ಏಟಿನ ಶಕ್ತಿಯನ್ನು ನುಂಗುತ್ತವೆ. ಟೊಳ್ಳೆಲ್ಲ ಮುಗಿದ ಮೇಲೆ ಮಾತ್ರ ಮರ ಕಲ್ಲಾಗುತ್ತದೆ. ಅಷ್ಟರೊಳಗೆ ಪೆಟ್ಟಿಗೆ ನಿಂತಿರಬೇಕು.

ಕೇಳುವಾಗ ಸುಲಭ, ಕಷ್ಟವಿರುವುದು ಹದದಲ್ಲಿ. ಮರ ತೀರ ಮೆತ್ತಗಾದರೆ ಪೂರ್ತಿ ಕುಸಿದು ಕೊನೆಗೆ ಪಾತ್ರೆಯನ್ನೇ ನೆಲಕ್ಕೆ ಕುಕ್ಕುತ್ತದೆ. ತೀರ ಗಟ್ಟಿಯಾದರೆ ಕುಸಿಯುವುದೇ ಇಲ್ಲ. ಎಳೆಯ ದಿಕ್ಕಿನಲ್ಲಿ ಒತ್ತಿದರೆ ಮರಕ್ಕೆ ಒಂದು ಬಲ, ಅಡ್ಡಕ್ಕೆ ಒತ್ತಿದರೆ ಅದರ ಕೆಲವೇ ಪಾಲು. ಒಂದು ಮರದಂತೆ ಇನ್ನೊಂದಿಲ್ಲ. ನಿಯಮಗಳು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯನ್ನೂ 38 ಡಿಗ್ರಿಯ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ಚಳಿಯಲ್ಲಿ ಪ್ಲಾಸ್ಟಿಕ್ ನೊರೆ ಸೆಡೆಯುತ್ತದೆ, ಬಿಸಿಲಲ್ಲಿ ಮೆದುವಾಗುತ್ತದೆ. ಆದ್ದರಿಂದ ಚಿಕ್ಕ ಚಿಕ್ಕ ತುಂಡುಗಳನ್ನು ಕತ್ತರಿಸಿ, ಕಾಯಿಸಿ, ತಣಿಸಿ, ನಿಧಾನವಾಗಿ ಒಮ್ಮೆ, ಥಟ್ಟನೆ ಒಮ್ಮೆ, ಎಲ್ಲ ದಿಕ್ಕುಗಳಿಂದಲೂ ಜಜ್ಜಿ ನೋಡುತ್ತಾರೆ. ಆ ಅಳತೆಗಳನ್ನು ಕಂಪ್ಯೂಟರಿಗೆ ಉಣಿಸಿ, ಇಡೀ ಪೆಟ್ಟಿಗೆಯನ್ನು ಲಕ್ಷಾಂತರ ಸಣ್ಣ ತುಣುಕುಗಳಾಗಿ ಕಲ್ಪಿಸಿಕೊಂಡು, ನೂರು ಬಗೆಯಲ್ಲಿ ಬೀಳಿಸುತ್ತಾರೆ: ಬುಡ ಕೆಳಗಾಗಿ, ಅಡ್ಡಲಾಗಿ, ಮೂಲೆ ಮುಂದಾಗಿ.

“ಕಂಪ್ಯೂಟರ್ ಹೇಳಿದ್ದು ನಿಜವೆಂದು ನಂಬುವುದು ಹೇಗೆ?” ಎಂದು ಕೇಳಿದೆ.

“ನಂಬುವುದಿಲ್ಲ, ಭಾವ. ನಿಜವಾಗಿ ಬೀಳಿಸಿ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಲೆಕ್ಕವನ್ನು ತಿದ್ದುತ್ತಾರೆ.”

ಈ ಮಾತು ನನ್ನಂಥ ಕನ್ನಡ ಮೇಷ್ಟರಿಗೂ ಅರ್ಥವಾಯಿತು. ಹಳೆಯ ಕಾವ್ಯವನ್ನು ಸಂಪಾದಿಸುವವನು ತನ್ನ ಊಹೆ ಎಷ್ಟೇ ಸೊಗಸಾಗಿದ್ದರೂ ಓಲೆಯ ಪ್ರತಿಗೆ ಹೋಲಿಸಿ ನೋಡಲೇಬೇಕಷ್ಟೆ. ಇವರ ಓಲೆಯ ಪ್ರತಿ ಬೀಳುವ ಪೆಟ್ಟಿಗೆಯೇ. ಕಾಲಳತೆಯ, ಅರೆಯಳತೆಯ ಮಾದರಿಗಳನ್ನು ಬೀಳಿಸುವುದುಂಟು; ಪೂರ್ಣಗಾತ್ರದವನ್ನೂ ಬೀಳಿಸುವುದುಂಟು. ಜರ್ಮನಿಯಲ್ಲಿ ಬರ್ಲಿನ್ನಿನ ದಕ್ಷಿಣಕ್ಕೆ ಹೋರ್ಸ್ಟ್‌ವಾಲ್ಡೆ ಎಂಬಲ್ಲಿ 200 ಟನ್ ತೂಕವನ್ನು ಎತ್ತಿ ಬೀಳಿಸಬಲ್ಲ ಗೋಪುರವೇ ಇದೆ.

ಜನ ಇದನ್ನು ನಂಬದಿದ್ದ ಕಾಲವೂ ಇತ್ತು. 1984ರ ಜುಲೈ 17ರಂದು ಬ್ರಿಟನ್ನಿನ ವಿದ್ಯುತ್ ಮಂಡಳಿ ಓಲ್ಡ್ ಡಾಲ್ಬಿ ಎಂಬಲ್ಲಿ ಬಹಿರಂಗವಾಗಿಯೇ ಒಂದು ಪರೀಕ್ಷೆ ನಡೆಸಿತು. ಬಳಸಿದ ಅಣು ಇಂಧನವನ್ನು ಸಾಗಿಸುವ ಸುಮಾರು 48 ಟನ್ನಿನ ಉಕ್ಕಿನ ಪೆಟ್ಟಿಗೆಯನ್ನು ಹಳಿಯ ಮೇಲೆ ಅಡ್ಡ ಕೆಡವಿ, ಚಾಲಕನಿಲ್ಲದ ರೈಲನ್ನು ಗಂಟೆಗೆ ಸುಮಾರು 160 ಕಿಲೋಮೀಟರ್ ವೇಗದಲ್ಲಿ ಅದರ ಮೇಲೆ ಬಿಟ್ಟರು. ಇಂಜಿನ್ನು ನುಚ್ಚುನೂರಾಯಿತು, ಪೆಟ್ಟಿಗೆಯ ಒಳಗಿನ ಒತ್ತಡ ಕಡಮೆಯಾದದ್ದು ತೀರ ಅತ್ಯಲ್ಪ. ನೋಡಿದವರು ಪೆಟ್ಟಿಗೆಯನ್ನು ಹೊಗಳಿದರು. ಆದರೆ ಮುದುಡಿಹೋದ ಆ ಇಂಜಿನ್ನೇ ಅಂದು ಹುಲ್ಲಿನ ಸಿಂಬಿಯ ಕೆಲಸ ಮಾಡಿತ್ತೆಂಬುದು ನನಗೆ ಈಗ ಹೊಳೆಯುತ್ತದೆ.

ಪ್ರಕೃತಿಗೆ ಈ ವಿದ್ಯೆ ಹೊಸದಲ್ಲ. ತೆಂಗಿನಮರದ ನೆತ್ತಿಯಿಂದ ಬಿದ್ದ ಕಾಯಿ ಒಡೆಯದೆ ಉಳಿಯುವುದು ಸಿಪ್ಪೆಯ ನಾರಿನ ದೆಸೆಯಿಂದ. ದೇವನಹಳ್ಳಿಯ ಚಕ್ಕೋತವನ್ನು ಸುಲಿದವರಿಗೆ ಹೆಬ್ಬೆರಳು ಹುದುಗುವಷ್ಟು ದಪ್ಪದ ಬಿಳಿಯ ಬೆಂಡು ಗೊತ್ತಿದೆ. ಆ ಬೆಂಡು ಏಟನ್ನು ನುಂಗುವ ಬಗೆಯನ್ನು ಜರ್ಮನಿಯ ಫ್ರೈಬರ್ಗಿನ ವಿಜ್ಞಾನಿಗಳು ಶ್ರದ್ಧೆಯಿಂದ ಅಧ್ಯಯನ ಮಾಡಿದ್ದಾರೆ.

ಇದನ್ನೆಲ್ಲ ತಾಯಿಯವರಿಗೆ ಒಪ್ಪಿಸಿದೆ. ಅವರು ಆಶ್ಚರ್ಯವನ್ನೇನೂ ತೋರಿಸಲಿಲ್ಲ.

“ಬಿದ್ದ ಮೇಲೆ ಆ ಮರವನ್ನು ಏನು ಮಾಡುತ್ತಾರೆ?” ಎಂದರು.

“ಅದು ಒಂದೇ ಏಟಿಗೆ, ಅಮ್ಮ. ಮತ್ತೆ ಕೆಲಸಕ್ಕೆ ಬಾರದು.”

“ಹುಲ್ಲೂ ಹಾಗೆಯೇ” ಎಂದು ಅವರು ಮಗ್ಗುಲಾದರು.

ಹೊಸ ಕೋಬಾಲ್ಟ್ ಯಾವ ದಿನ, ಯಾವ ದಾರಿಯಲ್ಲಿ ಬಂದಿತೋ ನಾನರಿಯೆ. ಅದನ್ನು ಅಳವಡಿಸಲು ಚಿಕಿತ್ಸೆ ಕೆಲವು ದಿನ ನಿಂತಿತ್ತು. ಮತ್ತೆ ಆರಂಭವಾದ ದಿನ ತಾಯಿಯವರು ಎಂದಿಗಿಂತ ಬೇಗ ಹೊರಗೆ ಬಂದು, “ಇವತ್ತು ಬೆನ್ನು ನೋಯುವುದರೊಳಗೆ ಮುಗಿಯಿತು” ಎಂದರು. ಆ ದಾರಿಯ ಬಗೆಗೆ ನನಗಿದ್ದ ಭಯವೆಲ್ಲ ಹೋಯಿತೆಂದು ಹೇಳಲಾರೆ. ಪರೀಕ್ಷೆ ಮಾಡುವವರಿಗೂ ಭಯವಿರುವುದರಿಂದಲೇ ಅಲ್ಲವೆ ಅವರು ಮತ್ತೆ ಮತ್ತೆ ಬೀಳಿಸಿ ನೋಡುವುದು? ಆದರೆ ಈಗ ಕೂಗಾಡುವುದಿಲ್ಲ. ಹೇಗೆ ಕಟ್ಟಿದ್ದಾರೆಂದು ಮೊದಲು ಕೇಳುತ್ತೇನೆ.

ತಾಯಿಯವರು ಈಗ ಊರಿನಲ್ಲಿದ್ದಾರೆ, ನಡೆದಾಡಿಕೊಂಡಿದ್ದಾರೆ. ಕಳೆದ ತಿಂಗಳು ಮತ್ತೊಂದು ಭರಣಿ ಬಂದಿತು. ಪೆಟ್ಟಿಗೆಯ ಒಂದು ಮೂಲೆ ಒಡೆದು, ಆ ಕಡೆಯ ಹುಲ್ಲು ಹಪ್ಪಳವಾಗಿತ್ತು. ಭರಣಿಯ ಮೇಲೆ ಒಂದು ಗೀರೂ ಇರಲಿಲ್ಲ.