ಬಿಡುವ ವಿದ್ಯೆ

ಆಗಸ್ಟ್ ಬಂತೆಂದರೆ ಎಲೆಕ್ಟ್ರಾನಿಕ್ ಸಿಟಿಯ ಪಿಜಿಗಳಲ್ಲಿ ಕೆಲವು ಕೋಣೆಗಳ ದೀಪ ತಡವಾಗಿ ಆರತೊಡಗುತ್ತದೆ. ಐಐಎಂನಂಥ ಮ್ಯಾನೇಜ್‌ಮೆಂಟ್ ಸಂಸ್ಥೆಗಳಿಗೆ ಸೇರಲು ಬರೆಯುವ ಕ್ಯಾಟ್ ಪರೀಕ್ಷೆಗೆ ಅರ್ಜಿ ಹಾಕುವ ಕಾಲ ಅದು. ಹಗಲೆಲ್ಲ ಕೋಡ್ ಬರೆದವರು, ಇರುಳೆಲ್ಲ ಅಮೆರಿಕದ ಗಿರಾಕಿಯ ಸರ್ವರ್ ಕಾಯುವವರು, ಪೀಣ್ಯದ ಮೆಷಿನ್ ಶಾಪಿನಲ್ಲಿ ಶಿಫ್ಟ್ ಮುಗಿಸಿ ಕೈಯ ಎಣ್ಣೆ ತೊಳೆದುಕೊಂಡವರು, ಎಲ್ಲರೂ ಏಕಾಏಕಿ ನಲ್ಲಿ ಮತ್ತು ತೊಟ್ಟಿಯ ಲೆಕ್ಕಕ್ಕೆ ಮರಳುತ್ತಾರೆ. ತೊಟ್ಟಿ ತುಂಬಿಸುವ ನಲ್ಲಿಯನ್ನೂ ಖಾಲಿ ಮಾಡುವ ನಲ್ಲಿಯನ್ನೂ ಒಟ್ಟಿಗೇ ಯಾಕೆ ತೆರೆದರು ಎಂದು ಏಳನೇ ಕ್ಲಾಸಿನಲ್ಲಿ ಕೇಳಿದ್ದಕ್ಕೆ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ವೈಟ್‌ಫೀಲ್ಡಿನಲ್ಲಿ ಟ್ಯಾಂಕರ್ ನೀರಿಗೆ ದುಡ್ಡು ತೆತ್ತು ಬದುಕುವವರನ್ನು ಕೇಳಿ ನೋಡಿ, ನನ್ನ ಪ್ರಶ್ನೆಯಲ್ಲಿ ಹುರುಳಿತ್ತು ಎನ್ನುತ್ತಾರೆ.

ಈ ಓದು ಗುಟ್ಟಿನ ಓದು. ‘ಇವನು ಹೇಗೂ ಹೋಗುವವನು’ ಎಂಬ ಮುದ್ರೆ ಒಮ್ಮೆ ಬಿದ್ದರೆ ಅಪ್ರೈಸಲ್ ಹೊತ್ತಿಗೆ ಅದೇ ಮುಂದೆ ಬಂದು ನಿಲ್ಲುತ್ತದೆ. ಹಾಗಾಗಿ ಕ್ಯಾಂಟೀನಿನ ಮೂಲೆಯಲ್ಲಿ ಪಕ್ಕದ ಟೀಮಿನವನು ಮೊಬೈಲಿನಲ್ಲಿ ಲೆಕ್ಕ ಬಿಡಿಸುತ್ತಿದ್ದರೆ ಕಂಡೂ ಕಾಣದಂತೆ ಹೋಗುವುದು ಇಲ್ಲಿಯ ಮರ್ಯಾದೆ. ಒಂದು ಸಂಜೆ ನಮ್ಮ ಮ್ಯಾನೇಜರ್ ಸಾಹೇಬರ ಸ್ಕ್ರೀನಿನಲ್ಲಿ ಐಐಎಂ ಬೆಂಗಳೂರಿನವರು ಕೆಲಸದಲ್ಲಿರುವವರಿಗೆಂದೇ ನಡೆಸುವ ವಾರಾಂತ್ಯದ ಕೋರ್ಸಿನ ವಿವರ ತೆರೆದಿತ್ತು. ನನ್ನ ಕೈಯಲ್ಲಿ ವ್ಯಾಕರಣದ ಪುಸ್ತಕವಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮಳೆಯ ಬಗ್ಗೆ ಮಾತಾಡಿದೆವು.

ಓದಲು ಹೊತ್ತು ಎಲ್ಲಿಂದ ಬರಬೇಕು? ದಾರಿಯಿಂದ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೊ ಶುರುವಾದಾಗ ಊರಿಗೆ ಊರೇ ಸಿಲ್ಕ್ ಬೋರ್ಡ್ ಜಾಮಿನಿಂದ ಪಾರಾದೆವೆಂದು ನಿಟ್ಟುಸಿರು ಬಿಟ್ಟಿತು. ನಮ್ಮ ಟೀಮಿನ ಒಬ್ಬಾಕೆಗೆ ಮಾತ್ರ ಕೊಂಚ ಬೇಜಾರಾಯಿತು. ಕ್ಯಾಬು ಸಿಲ್ಕ್ ಬೋರ್ಡಿನಲ್ಲಿ ನಿಂತಿರುತ್ತಿದ್ದ ಹೊತ್ತಿನಲ್ಲಿ ಆಕೆ ಎರಡು ಇಂಗ್ಲಿಷ್ ಪ್ಯಾಸೇಜ್ ಮುಗಿಸುತ್ತಿದ್ದಳು. ಮೆಟ್ರೊದಲ್ಲಿ ಒಂದು ಮುಗಿಯುವಷ್ಟರಲ್ಲಿ ಸ್ಟೇಷನ್ ಬಂದುಬಿಡುತ್ತದೆ.

ಪರೀಕ್ಷೆ ಒಟ್ಟು 120 ನಿಮಿಷದ್ದು. ಇಂಗ್ಲಿಷ್ ಓದು, ಅಂಕಿಅಂಶ ಮತ್ತು ತರ್ಕ, ಗಣಿತ ಎಂದು ಮೂರು ಭಾಗ. ಒಂದೊಂದಕ್ಕೆ 40 ನಿಮಿಷ. ಅದು ಮುಗಿದೊಡನೆ ಆ ಭಾಗ ತಾನಾಗಿ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಯುವುದಿಲ್ಲ. ಸರಿಯುತ್ತರಕ್ಕೆ ಮೂರು ಅಂಕ. ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಯಲ್ಲಿ ತಪ್ಪಿದರೆ ಒಂದು ಅಂಕ ಕಡಿತ. ಬಿಟ್ಟರೆ ಸೊನ್ನೆ.

ಆ ಸೊನ್ನೆಯೇ ನಮ್ಮಂಥವರಿಗೆ ಜೀರ್ಣವಾಗದ್ದು. ತಿಪಟೂರಿನ ನಮ್ಮ ಹೈಸ್ಕೂಲಿನಲ್ಲಿ ಪರೀಕ್ಷೆಯ ಹಿಂದಿನ ದಿನ ಕೊಡುತ್ತಿದ್ದ ಉಪದೇಶ ಒಂದೇ: “ಯಾವ ಪ್ರಶ್ನೆನೂ ಬಿಡಬೇಡ್ರಪ್ಪ. ಗೊತ್ತಿಲ್ದಿದ್ರೆ ಪ್ರಶ್ನೆನೇ ತಿರುಗಿಸಿ ಬರೀರಿ.” ಅಡಿಷನಲ್ ಶೀಟು ಎಷ್ಟು ತೆಗೆದುಕೊಂಡೆ ಎಂಬುದರ ಮೇಲೆ ಹಾಲ್‌ನಲ್ಲಿ ನಮ್ಮ ಗೌರವ ನಿಂತಿತ್ತು. ಖಾಲಿ ಜಾಗ ಬಿಟ್ಟು ಬರುವುದೆಂದರೆ ಅನ್ನ ಚೆಲ್ಲಿದಷ್ಟು ಪಾಪ. ಅಲ್ಲಿಂದ ಬಂದವನನ್ನು ಕ್ಯಾಟ್ ಮುಂದೆ ಕೂರಿಸಿದರೆ ಏನಾಗುತ್ತದೆ? ತರ್ಕದ ಒಂದು ಸೆಟ್ಟಿನಲ್ಲಿ ಆರು ಜನ ದುಂಡುಮೇಜಿನ ಸುತ್ತ ಕೂತಿರುತ್ತಾರೆ. ಅವರಲ್ಲಿ ಯಾರ ಎದುರು ಯಾರೆಂದು ಪತ್ತೆ ಹಚ್ಚದೆ ಏಳಲಾರೆ ಎಂದು ಹಟ ಹಿಡಿಯುತ್ತಾನೆ. ಅವರು ಪತ್ತೆಯಾಗುವ ಹೊತ್ತಿಗೆ ಇವನ 40 ನಿಮಿಷ ತೀರಿರುತ್ತದೆ.

ನನಗೆ ಇದನ್ನು ಬಿಡಿಸಿ ಹೇಳಿದವನು ಕೋಚಿಂಗ್ ಮೇಷ್ಟ್ರಲ್ಲ, ಪೀಣ್ಯ ಎರಡನೇ ಹಂತದಲ್ಲಿ ಸಿಎನ್‌ಸಿ ಮೆಷಿನ್‌ಗಳ ಉಸ್ತುವಾರಿ ನೋಡುವ ಗೆಳೆಯ. ಫಸ್ಟ್ ಶಿಫ್ಟ್ ಮುಗಿಸಿ ಮಧ್ಯಾಹ್ನ ಓದಲು ಕೂರುತ್ತಿದ್ದ. “ಮೈನಸ್ ಒಂದು ಅಂದ್ರೆ ಸ್ಕ್ರ್ಯಾಪ್ ಕಣೋ,” ಅಂದ. “ಮೆಟೀರಿಯಲ್ಲೂ ಹೋಯ್ತು, ಮೆಷಿನ್ ಟೈಮೂ ಹೋಯ್ತು. ಸೊನ್ನೆ ಅಂದ್ರೆ ಪೀಸು ಇನ್ನೂ ರ‍್ಯಾಕಲ್ಲೇ ಇದೆ, ನಷ್ಟ ಇಲ್ಲ. ಯಾವ ಪೀಸ್ ಮೆಷಿನ್‌ಗೆ ಹಾಕಬಾರದು ಅಂತ ತಿಳ್ಕೊಳ್ಳೋದೇ ನಮ್ಮ ಕೆಲ್ಸ.” ಪುಸ್ತಕಗಳ ರಾಶಿಯಲ್ಲಿ ಸಿಗದಿದ್ದುದು ಒಂದು ಲೋಟ ಟೀಯಲ್ಲಿ ಸಿಕ್ಕಿತು.

ನನ್ನ ಆಫೀಸಿನಲ್ಲಿ ಇಂಥ ಪಾಠ ಸಿಗುವಂತಿರಲಿಲ್ಲ. ನಮ್ಮದು ಪ್ರೊಡಕ್ಷನ್ ಸಪೋರ್ಟ್. ಬಂದ ಟಿಕೆಟ್ಟನ್ನು ಗಡುವಿನೊಳಗೆ ಮುಚ್ಚಲೇಬೇಕು. ಗಿರಾಕಿ ತನ್ನ ಪಾಸ್‌ವರ್ಡ್ ತಾನೇ ಮರೆತಿದ್ದರೂ ಅದು ನಮ್ಮ ಟಿಕೆಟ್ಟೇ. ‘ಇದು ಕಷ್ಟವಾಗಿದೆ, ಮುಂದಿನದಕ್ಕೆ ಹೋಗುತ್ತೇನೆ’ ಎಂದು ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಹೇಳಿದವನ ಗತಿ ಊಹಿಸಿಕೊಳ್ಳಿ. ಶಾಲೆ ಬಿಡಬೇಡ ಎಂದಿತು, ಕಂಪನಿ ಬಿಡುವ ಹಾಗಿಲ್ಲ ಎಂದಿತು. ‘ಬಿಡು ಮಾರಾಯ, ನಿನಗೆ ಬಂದಷ್ಟು ಮಾಡು’ ಎಂದು ನನಗೆ ಮೊದಲು ಹೇಳಿದ್ದು ದೇಶದಲ್ಲೇ ಅತಿ ಕಠಿಣವೆಂದು ಹೆಸರಾದ ಪರೀಕ್ಷೆಗಳಲ್ಲೊಂದು.

ಅದು ಸುಮ್ಮನೆ ಸಮಾಧಾನಕ್ಕೆ ಹೇಳುವ ಮಾತಲ್ಲ. 2024ರ ಕ್ಯಾಟ್‌ನಲ್ಲಿ 68 ಪ್ರಶ್ನೆಗಳಿಗೆ ಒಟ್ಟು 204 ಅಂಕ. ಅದರ ಅರ್ಧದ ಆಸುಪಾಸಿನಲ್ಲಿದ್ದವರೂ 99 ಪರ್ಸೆಂಟೈಲ್ ಮುಟ್ಟಿದರು. ಅರ್ಧ ಪತ್ರಿಕೆಯನ್ನು ಅಚ್ಚುಕಟ್ಟಾಗಿ ಬಿಟ್ಟವರು ಎಂದರೂ ಸರಿಯೇ. ಹಾಗೆಂದು ಅದು ಸುಲಭವೂ ಅಲ್ಲ. ಆ ವರ್ಷ ಬರೆದವರು ಸುಮಾರು 2.93 ಲಕ್ಷ ಮಂದಿ. 99 ಬಂದರೂ ಮುಂದೆ ಮೂರು ಸಾವಿರದಷ್ಟು ಜನ ಸಾಲುಗಟ್ಟಿ ನಿಂತಿರುತ್ತಾರೆ. ಇದನ್ನು ಅಮ್ಮನಿಗೆ ವಿವರಿಸಲು ಹೋದೆ. “ತೊಂಬತ್ತೊಂಬತ್ತು ಬಂದ್ರೆ ಸಾಕಾಗಲ್ವಾ? ಇನ್ನೊಂದು ಎಲ್ಲಿ ಕಳ್ಕೊಂಡ್ರಂತೆ?” ಎಂದಳು. ಅರ್ಧ ಪತ್ರಿಕೆ ಬಿಟ್ಟ ವಿಷಯವನ್ನು ನಾನು ಎತ್ತಲಿಲ್ಲ.

ಪರೀಕ್ಷೆ ಬೀಳುವುದು ನವೆಂಬರಿನ ಕೊನೆಯ ಭಾನುವಾರದ ಹೊತ್ತಿಗೆ. ಬಸವನಗುಡಿಯ ಕಡಲೆಕಾಯಿ ಪರಿಷೆಯೂ ಅದೇ ಆಸುಪಾಸು, ಆಫೀಸಿನ ರಾಜ್ಯೋತ್ಸವದ ಕಾರ್ಯಕ್ರಮಗಳೂ ಅದೇ ತಿಂಗಳು. ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಸಂತೆಯೂ ಆಗಲೇ. ಅಲ್ಲಿಯ ಅಂಗಡಿಗಳಲ್ಲಿ ವರ್ಷದ ದೊಡ್ಡ ವ್ಯಾಪಾರ ನಡೆಯುವಾಗ ಇಲ್ಲಿ ನಮಗೆ ರಜೆಯಿಲ್ಲ, ಫೋನು ಆಫ್ ಮಾಡುವಂತಿಲ್ಲ. ಪರೀಕ್ಷೆಯ ದಿನ ಮೂರು ಸರದಿ: ಬೆಳಿಗ್ಗೆ 8.30, ಮಧ್ಯಾಹ್ನ 12.30, ಸಂಜೆ 4.30. ಹಗಲು ಕೆಲಸದವರು ಬೆಳಗಿನದೇ ಸಿಗಲೆಂದು ಹರಕೆ ಹೊರುತ್ತಾರೆ. ನೈಟ್ ಶಿಫ್ಟಿನವರಿಗೆ ಅದು ಮಲಗುವ ವೇಳೆ.

ಬಿಡುವುದನ್ನು ಮಾಕ್ ಪರೀಕ್ಷೆಗಳಲ್ಲಿ ರೂಢಿಸಿಕೊಳ್ಳುತ್ತ ಹೋದಂತೆ ಅದು ಹೊರಗೂ ಅಂಟಿಕೊಂಡಿತು. ಮೊದಲು ಬಿಟ್ಟದ್ದು ಭಾನುವಾರದ ಕ್ರಿಕೆಟ್. ಆಮೇಲೆ ದೂರದ ನೆಂಟರ ಮದುವೆಗಳು, ಅದಕ್ಕೆ ಅಮ್ಮನ ಕೋಪ ಇನ್ನೂ ಇಳಿದಿಲ್ಲ. ಒಂದು ದಿನ ಧೈರ್ಯ ಮಾಡಿ ನಾನು ಬೇಕಾಗಿಯೇ ಇಲ್ಲದ ಒಂದು ಮೀಟಿಂಗನ್ನೂ ಬಿಟ್ಟೆ. ಅದು ನಾನಿಲ್ಲದೆಯೇ ನಡೆದು, ಇನ್ನೊಂದು ಮೀಟಿಂಗ್ ಕರೆಯುವ ತೀರ್ಮಾನದೊಂದಿಗೆ ಮುಗಿಯಿತು. ಯಾರೂ ನನ್ನನ್ನು ಕೇಳಲಿಲ್ಲ. ವರ್ಷಗಟ್ಟಲೆ ನಾನು ಉತ್ತರಿಸುತ್ತಿದ್ದ ಪ್ರಶ್ನೆಗಳಲ್ಲಿ ಎಷ್ಟೋ ನನ್ನವೇ ಆಗಿರಲಿಲ್ಲವೆಂದು ಆಗ ಹೊಳೆಯಿತು.

ನಾವು ಬಿಟ್ಟರೂ ನಮ್ಮನ್ನು ಬಿಡದವೂ ಇವೆ. ಬನ್ನೇರುಘಟ್ಟ ರಸ್ತೆಯಲ್ಲಿ ಬಿ.ವಿ. ದೋಶಿ ರೂಪಿಸಿದ ಕಲ್ಲುಗೋಡೆಗಳ ನಡುವೆ ಇರುವ, 1973ರಲ್ಲಿ ಶುರುವಾದ ಐಐಎಂ ಬೆಂಗಳೂರು ನಮಗೆ ನೈಸ್ ರಸ್ತೆ ಹಿಡಿದರೆ ಹತ್ತಿರ. ಆದರೆ ಸಂದರ್ಶನಕ್ಕೆ ಕರೆಯುವ ಮುನ್ನ ಕ್ಯಾಟ್ ಅಂಕ, ಕೆಲಸದ ಅನುಭವಗಳ ಜೊತೆ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳನ್ನೂ ಅವರು ತೂಗುತ್ತಾರೆ. ಹದಿನೈದನೇ ವಯಸ್ಸಿನಲ್ಲಿ ಸಮಾಜ ವಿಜ್ಞಾನದಲ್ಲಿ ಕಡಿಮೆ ತೆಗೆದವನು ಇಪ್ಪತ್ತಾರರಲ್ಲಿ ಅದರ ಲೆಕ್ಕ ಒಪ್ಪಿಸಬೇಕು. ಅಡಿಷನಲ್ ಶೀಟು ತೆಗೆದುಕೊಳ್ಳಿ ಎಂದ ಮೇಷ್ಟ್ರ ಮಾತು ಇಷ್ಟು ವರ್ಷಗಳ ಮೇಲೆ ಗೆದ್ದದ್ದು ಹೀಗೆ.

ಇನ್ನು ಎಲ್ಲಕ್ಕಿಂತ ದೊಡ್ಡ ಬಿಡುವಿಕೆ ಬಾಕಿ ಇದೆ. ಪೂರ್ಣಾವಧಿ ಕೋರ್ಸಿಗೆ ಸೇರಿದರೆ ಎರಡು ವರ್ಷ ಸಂಬಳವಿಲ್ಲ, ಶುಲ್ಕವೇ ಇಪ್ಪತ್ತು ಲಕ್ಷ ದಾಟುತ್ತದೆ. ತಂಗಿಯ ಓದು, ಊರಿನ ಮನೆಯ ಸಾಲದ ಕಂತು ಹಾಗೇ ಇವೆ. ವಾರಾಂತ್ಯದ ಕೋರ್ಸಾದರೆ ಕೆಲಸ ಉಳಿಯುತ್ತದೆ, ಭಾನುವಾರದ ಕ್ರಿಕೆಟ್ ಮಾತ್ರ ಮರಳುವುದಿಲ್ಲ. ಪೀಣ್ಯದ ಗೆಳೆಯ ಈ ಸಲ ಅರ್ಜಿಯನ್ನೇ ಹಾಕಲಿಲ್ಲ. “ಇದು ನನ್ನ ಸೆಟ್ಟಲ್ಲ, ಬಿಟ್ಟೆ,” ಎಂದ. ಅವನ ದನಿಯಲ್ಲಿ ಸೋಲಿರಲಿಲ್ಲ. ಹೊಸ ಮೆಷಿನ್ ಬರುವುದರ ಬಗ್ಗೆಯೇ ಮಾತಾಡುತ್ತಿದ್ದ. ನಾನಿನ್ನೂ ತೂಗುತ್ತಿದ್ದೇನೆ. ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿ, ಕೆಲಸ ಬಿಡಲೋ ಬೇಡವೋ ತಿಳಿಯುತ್ತಿಲ್ಲ ಎಂದೆ. “ಬಿಡೋ ಮಾತು ಆಮೇಲಾಡು, ಮೊದ್ಲು ಸೀಟು ಸಿಗ್ಲಿ,” ಎಂದಳು.