ಸಿಂಧೂತೀರದ ಒಂದು ಬೆಳಗಿನ ಜಾವ

ಲಡಾಖಿನ ಲೇಹ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 35 ಕಿಲೋಮೀಟರು ದೂರದಲ್ಲಿ ನಿಮ್ಮು ಎಂಬ ಗ್ರಾಮವಿದೆ. ಜಾಂಸ್ಕಾರ್ ನದಿಯು ಸಿಂಧುವನ್ನು ಕೂಡುವುದು ಇದರ ಸಮೀಪದಲ್ಲಿಯೇ. ಬೇಸಗೆಯಲ್ಲಿ ಎರಡು ಬಣ್ಣದ ನೀರು ಒಂದಾಗುವ ಆ ಸಂಗಮವು ನಾವು ಹೋದ ಪುಷ್ಯಮಾಸದಲ್ಲಿ ಹಿಮದ ಅಂಚು ಕಟ್ಟಿಕೊಂಡು ಮೌನವಾಗಿದ್ದಿತು. ಸುತ್ತಲೂ ಬೋಳುಗುಡ್ಡಗಳು, ಮಾಳಿಗೆಗಳ ಮೇಲೆ ಒಟ್ಟಿದ ಹುಲ್ಲಿನ ಹೊರೆಗಳು.

ಒಂದು ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ನಮ್ಮ ಆತಿಥೇಯರ ಸೊಸೆಗೆ ಪ್ರಸವವೇದನೆ ಆರಂಭವಾಯಿತು. ಲೇಹದ ಆಸ್ಪತ್ರೆಗೆ ಕರೆದೊಯ್ಯಬೇಕು. ಉಷ್ಣಮಾಪಕವು ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿದ್ದಿತು. ಶರತ್ಕಾಲದಲ್ಲಿ ಬಯಲುನಾಡಿನಿಂದ ಬಂದಿದ್ದ ನಮ್ಮ ಬಾಡಿಗೆಯ ಮೋಟಾರು ಒಮ್ಮೆ ನರಳಿ ಸುಮ್ಮನಾಯಿತು.

ಧನುರ್ಮಾಸದಲ್ಲಿ ನಮ್ಮ ಮನೆಗಳ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದನ್ನು ಯಾರು ತಾನೆ ಕಂಡಿಲ್ಲ? ಯಂತ್ರದ ಎಣ್ಣೆಯು ಹಾಗೆ ಒಮ್ಮೆಗೇ ಗಟ್ಟಿಯಾಗದು. ಚಳಿ ಹೆಚ್ಚಿದಂತೆಲ್ಲ ಜೋನಿಬೆಲ್ಲದಂತೆ ಮಂದವಾಗುತ್ತ ಹೋಗುತ್ತದೆ. ಆಗ ಯಂತ್ರವನ್ನು ತಿರುಗಿಸಲು ಹೆಚ್ಚಿನ ಬಲ ಬೇಕು. ಅದೇ ಚಳಿಯು ಬ್ಯಾಟರಿಯ ಬಲವನ್ನೂ ಕುಗ್ಗಿಸಿರುತ್ತದೆ. ಹೇಗೋ ಯಂತ್ರ ಹೊರಟರೂ ಪಂಪು ಎಣ್ಣೆಯನ್ನು ಬೇಗನೆ ಸೆಳೆಯಲಾರದೆ, ಲೋಹಕ್ಕೆ ಲೋಹ ಉಜ್ಜಿ ಸವೆಯುವ ಭಯವುಂಟು.

ಇದಕ್ಕಾಗಿಯೇ ಎಣ್ಣೆಯ ಡಬ್ಬಿಗಳ ಮೇಲೆ ಒಂದು ಅಂಕಿಯನ್ನೂ ‘ಡಬ್ಲ್ಯು’ ಎಂಬ ಅಕ್ಷರವನ್ನೂ ಅಚ್ಚು ಮಾಡಿರುತ್ತಾರೆ. ಆ ಅಕ್ಷರವು ಚಳಿಗಾಲದ ಗುರುತು. ಅಂಕಿ ಚಿಕ್ಕದಾದಷ್ಟೂ ಎಣ್ಣೆ ಚಳಿಯಲ್ಲಿ ಸುಲಭವಾಗಿ ಹರಿಯುವುದು. 20 ಡಬ್ಲ್ಯು ಎಣ್ಣೆಯಲ್ಲಿ ಯಂತ್ರ ತಿರುಗೀತೇ ಎಂಬುದನ್ನು ಶೂನ್ಯಕ್ಕಿಂತ 15 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. 5 ಡಬ್ಲ್ಯು ಎಣ್ಣೆಗಾದರೋ ಆ ಪರೀಕ್ಷೆ 30 ಡಿಗ್ರಿ ಕೆಳಗೆ. ನಮ್ಮ ಮೋಟಾರಿನಲ್ಲಿದ್ದುದು ಮೊದಲನೆಯದು.

ನಮ್ಮ ಚಾಲಕನು ಎಣ್ಣೆಯ ತಟ್ಟೆಯ ಕೆಳಗೆ ಬೆಂಕಿಯೊಡ್ಡಲು ಹೊರಟನು. ಮನೆಯ ಹಿರಿಯರು ತಡೆದರು. “ಬೇಡಪ್ಪ, ಒಂದು ಕಿಡಿ ತಗುಲಿದರೆ ಗಾಡಿಯೂ ಇಲ್ಲ, ಮನೆಯೂ ಇಲ್ಲ” ಎಂದು ಹಿಂದಿಯಲ್ಲಿ ಹೇಳಿ ಕೊಟ್ಟಿಗೆಯ ಮಗ್ಗುಲಿಗೆ ಕರೆದೊಯ್ದರು. ಅಲ್ಲಿ ಕಂಬಳಿ ಹೊದಿಸಿದ್ದ ಅವರ ಹಳೆಯ ಜೀಪು ನಿಂತಿದ್ದಿತು. ಚಳಿಗಾಲಕ್ಕೆ ಮೊದಲೇ ಅದರ ಎಣ್ಣೆಯನ್ನು ತೆಗೆದು 5 ಡಬ್ಲ್ಯು ತುಂಬಿಸಿದ್ದರಂತೆ. ಎರಡನೆಯ ಪ್ರಯತ್ನಕ್ಕೆ ಅದು ಎಚ್ಚೆತ್ತಿತು. ಎಣ್ಣೆ ಎಲ್ಲೆಡೆ ಹರಿಯಲೆಂದು ಮಗನು ಕೊಂಚ ಹೊತ್ತು ತಾಳಿ, ಮೊದಲು ಮೆಲ್ಲಗೆ ನಡೆಸಿದನು.

ಬಿಸಿಲು ಏರಿದ ಮೇಲೆ ನಮ್ಮ ಮೋಟಾರೂ ಹೊರಟಿತು. ಆದರೆ ಆಗ ಅದರ ಅವಶ್ಯಕತೆ ಇರಲಿಲ್ಲ. ಲೇಹದಿಂದ ಸುದ್ದಿ ಬಂದಿದ್ದಿತು: ಹೆಣ್ಣು ಮಗು, ತಾಯಿಯೂ ಕ್ಷೇಮ. ಹುಲ್ಲು, ಹಿಟ್ಟು, ಉರುವಲುಗಳನ್ನು ಕೂಡಿಡುವಂತೆಯೇ ಎಣ್ಣೆಯನ್ನು ಬದಲಿಸಿಡುವುದೂ ಆ ನಾಡಿನಲ್ಲಿ ಒಂದು ಗೃಹಕೃತ್ಯವೆಂಬುದನ್ನು ನಾವು ಅಂದು ಅರಿತೆವು.